ಐದನೆಯವನ ಪಾಲು

“ಆ ಕಡೆ ತಿರುಗಿ ಕೂತ್ಕೋ. ಗಂಟಲು ಬಿಟ್ಟು ಅಳು,” ಎನ್ನುತ್ತ ಸೋದರತ್ತೆ ಕಾನಿಶಾಯ್ ಬುರುಲ್ಚಾಳ ಭುಜ ಹಿಡಿದು, ಅಂಗಳದಲ್ಲಿ ಹೆಣವಿಡಲು ಹಾಕಿದ್ದ ಗುಡಾರದ ಗೋಡೆಯ ಕಡೆಗೆ ತಿರುಗಿಸಿದಳು. “ಮಣ್ಣು ಮಾಡಿ ಗಂಡಸರು ವಾಪಸ್ ಬರೋ ಹೊತ್ತಾಯ್ತು. ಮೂರು ದಿನದಿಂದ ಗೊಂಬೆ ಥರ ಕೂತಿದೀಯಲ್ಲ, ಸತ್ತದ್ದು ನಿಮ್ಮಪ್ಪನಾ, ಪಕ್ಕದ ಮನೆಯವನಾ?”

ಬುರುಲ್ಚಾ ಅಳಲಿಲ್ಲ. ಹೆಣವಿರುವಷ್ಟು ದಿನ ಮಗಳು ಗುಡಾರ ಬಿಟ್ಟು ಏಳುವಂತಿರಲಿಲ್ಲ. ಅಪ್ಪ ಒಪ್ಪಿಸಿದ ಕೆಲಸವೊಂದು ಮನೆಯೊಳಗೆ ಕಾಯುತ್ತಿತ್ತು.

*

ಸಾಯುವ ಮುನ್ನ ಆಸ್ಪತ್ರೆಯಲ್ಲಿ ಅಪ್ಪ ಶೇರ್ಗಾಜಿ ಮೇಷ್ಟ್ರು ಅವಳ ಕೈ ಬಿಟ್ಟಿರಲಿಲ್ಲ.

“ನಾನು ಬರೆದ ಕಂಪ್ಯೂಟರ್ ಲೆಕ್ಕದ ಪಾಠದಲ್ಲಿ ಒಂದು ತಪ್ಪು ಉಳಿದಿತ್ತು ಕಣಮ್ಮ. ಅರ್ಧ ಅನ್ನೋ ಕಡೆ ಮಗು ನಾಲ್ಕರಲ್ಲಿ ಎರಡು ಅಂತ ಬರೆದ್ರೆ ತಪ್ಪು ಅನ್ನುತ್ತೆ. ಬೆಟ್ಟದಾಚೆಯ ಟೀಚರೊಬ್ಬಳು ಕಾಗದ ಹಾಕಿದ್ದಳು. ಕಂಪ್ಯೂಟರ್ ತಪ್ಪು ಅಂದಿದ್ದಕ್ಕೆ ಹುಡುಗಿಗೆ ಬಾರಿಸಿದ್ದಳಂತೆ. ಆಮೇಲೆ ತಾನೇ ಲೆಕ್ಕ ಹಾಕಿ ನೋಡಿದಳಂತೆ.”

“ಬೇರೆ ಯಾರೂ ತಿದ್ದಲಿಲ್ವಾ ಅಪ್ಪ?”

“ಪುಕ್ಕಟೆ ತಗೊಳ್ಳಿ, ಬಿಚ್ಚಿ ನೋಡಿ, ತಿದ್ದಿ ಅಂತ ಬರೆದೇ ಕೊಟ್ಟಿದ್ದೆ. ಹನ್ನೊಂದು ವರ್ಷ ಆಯ್ತು. ತಗೊಂಡವರೆಲ್ಲ ತಗೊಂಡ್ರು.” ನಕ್ಕು, ಕೆಮ್ಮಿದರು. “ಎಲ್ಲಾ ಹೊಸದಾಗಿ ಬರೆದು ಲ್ಯಾಪ್‌ಟಾಪಲ್ಲಿಟ್ಟಿದೀನಿ. ಇನ್ನೆಲ್ಲೂ ಇಲ್ಲ. ನೀನು ಶಾಲೆಗಳಿಗೆ ಮುಟ್ಟಿಸಿಬಿಡು, ಸಾಕು.”

*

ಹೊರಗೆ ಗಂಡಸರ ದನಿ ಕೇಳಿತು. ಬುರುಲ್ಚಾ ಎದ್ದಳು. “ಅತ್ತೆ, ಈಗಲಾದ್ರೂ ಮನೆಯೊಳಗೆ ಹೋಗ್ತೀನಿ. ಅಪ್ಪನ ಲ್ಯಾಪ್‌ಟಾಪ್ ಬೇಕು.”

“ಅದನ್ನ ಬೆಳಿಗ್ಗೆನೇ ಕೊಟ್ಟಾಯ್ತಲ್ಲ.”

“ಯಾರಿಗೆ?”

“ಮೈ ತೊಳೆದವರು ಐದು ಜನ. ಸತ್ತವನ ಬಟ್ಟೆಬರೆ ಅವರಿಗೆ ಸೇರಬೇಕಲ್ವಾ? ಕೋಟು, ಬೂಟು, ಟೋಪಿ, ಉಣ್ಣೆಯಂಗಿ, ನಾಲ್ಕಕ್ಕೇ ಮುಗೀತು. ಊರಿಗೆಲ್ಲ ಪುಕ್ಕಟೆ ಹಂಚಿದವನ ಪೆಟ್ಟಿಗೇಲಿ ಇನ್ನೇನಿರುತ್ತೆ? ಐದನೆಯವನನ್ನ ಬರಿಗೈಲಿ ಕಳಿಸಿ ನಗೆಪಾಟಲಾಗ್ಲಾ? ಎಶೆನ್‌ಗೆ ಕೊಟ್ಟೆ.”

ಎಶೆನ್ ಪೇಟೆಯಲ್ಲಿ ಫೋನ್ ರಿಪೇರಿ ಅಂಗಡಿ ಇಟ್ಟ ದಾಯಾದಿ. ಅಂಗಳದಲ್ಲಿ, ಸಾವಿನೂಟದ ಕುದುರೆಮಾಂಸದ ತಟ್ಟೆಯ ಮುಂದೆ ಕೂತಿದ್ದ. ಲ್ಯಾಪ್‌ಟಾಪ್ ಪಕ್ಕದಲ್ಲೇ ತೆರೆದಿತ್ತು.

“ಅಣ್ಣ, ಅದರಲ್ಲಿ ಅಪ್ಪಂದು...”

“ಹೆದರಬೇಡ ತಂಗಿ, ನಾನೂ ಶಾಸ್ತ್ರ ಬಲ್ಲವನೇ. ಸತ್ತವರದ್ದನ್ನ ತೊಳೆಯದೆ ಮನೆಗೆ ಒಯ್ಯಬಾರದು. ಒಳಗಿದ್ದದ್ದನ್ನೆಲ್ಲ ಚೊಕ್ಕಟವಾಗಿ ಅಳಿಸಿದೀನಿ. ಮಣ್ಣಿಗೆ ಹೋಗೋ ಮುಂಚೆ ಹಚ್ಚಿ ಹೋಗಿದ್ದೆ, ಬರೋ ಹೊತ್ತಿಗೆ ಮುಗಿದಿತ್ತು.” ಅವಳ ಮುಖ ನೋಡಿ ದನಿ ತಗ್ಗಿಸಿದ. “ಹಿಂದಕ್ಕೆ ತೆಗೆಯೋಕೂ ಬರದ ಹಾಗೆ. ನನ್ನ ಕೆಲಸ ಅಂದ್ರೆ ಕೆಲಸ.”

ಬುರುಲ್ಚಾ ಗುಡಾರಕ್ಕೆ ಮರಳಿದಳು. ಯಾರೂ ಹೇಳದೆ ಗೋಡೆಯ ಕಡೆ ತಿರುಗಿ ಕೂತಳು. ಆಮೇಲೆ ಅವಳ ಗಂಟಲಿನಿಂದ ಹೊರಟ ದನಿಗೆ ಅಂಗಳದ ಕುದುರೆಗಳು ಕಿವಿ ನಿಮಿರಿಸಿದವು.

“ಈಗ ನೋಡು, ಮಗಳು ಅಂದ್ರೆ ಹೀಗಿರಬೇಕು,” ಎಂದು ಅತ್ತೆ ನೆರೆಯವಳಿಗೆ ಹೇಳಿದಳು.

ಹೊರಗೆ ಎಶೆನ್ ಒಂದು ಗಳಿಗೆ ಅಗಿಯುವುದನ್ನು ನಿಲ್ಲಿಸಿ, ಲ್ಯಾಪ್‌ಟಾಪನ್ನು ಮುಚ್ಚಲು ಕೈಚಾಚಿದ. ಖಾಲಿ ತೆರೆಯ ನಡುವೆ ಅವನ ಹೆಬ್ಬೆರಳಿನ ಜಿಡ್ಡು ಹೊಳೆಯುತ್ತಿತ್ತು.