ಎರಡು ಬೀಗದ ಸ್ಮಶಾನ

ತಮ್ಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಮಂಗಳವಾರ ಬೆಳಿಗ್ಗೆ. ಆಗಷ್ಟೇ ಪ್ರಾರ್ಥನೆ ಮುಗಿಸಿ ಎದ್ದಿದ್ದೆ. ಅವನ ಮಗಳು ಫೋನು ಮಾಡಿದಳು. "ದೊಡ್ಡಪ್ಪಾ, ಅಪ್ಪ ಎಷ್ಟು ಎಬ್ಬಿಸಿದ್ರೂ ಏಳ್ತಿಲ್ಲ" ಎಂದಳು. ಅವಳ ದನಿಯಲ್ಲೇ ಎಲ್ಲ ತಿಳಿಯಿತು. ನನಗೆ ಎಂಬತ್ತು ದಾಟಿದೆ, ಅವನಿಗೆ ಎಪ್ಪತ್ತಾರು. ಸರದಿ ನನ್ನದಾಗಿತ್ತು. ಸಾಲಿನಲ್ಲಿ ನನ್ನನ್ನು ತಳ್ಳಿ ಮುಂದೆ ನುಗ್ಗುವುದು ಅವನಿಗೆ ಚಿಕ್ಕಂದಿನ ಚಾಳಿ.

ಅವನು ಸರ್ವೆಯರ್ ಆಗಿದ್ದ. ಊರಾಚೆಯ ಗುಡ್ಡದ ಭೂಮಿಯನ್ನು ರಾಜ್ಯ ಸರ್ಕಾರವೂ ಕೇಂದ್ರ ಸರ್ಕಾರವೂ ಹಂಚಿಕೊಂಡಾಗ ಅಳೆಯಲು ಹೋದವನು ಇವನೇ. ನಡುವೆ ಒಂದು ಹಳ್ಳ ಹರಿಯುತ್ತದೆ. ದಾಖಲೆಯಲ್ಲಿ ಇವನು "ಹಳ್ಳದ ಈಚೆಯದು ರಾಜ್ಯಕ್ಕೆ, ಆಚೆಯದು ಕೇಂದ್ರಕ್ಕೆ" ಎಂದು ಬರೆದ. ಪೂರ್ವ ಪಶ್ಚಿಮ ಎಂದು ಬರೆಯಬೇಕಾದವನು ಮನೆಮಾತಿನಂತೆ ಆಚೆ ಈಚೆ ಎಂದುಬಿಟ್ಟ. ಮೂವತ್ತು ವರ್ಷ ಯಾರೂ ಅದನ್ನು ಕೇಳಲಿಲ್ಲ. ಆಮೇಲೆ ಒಂದು ದಂಡೆಯ ಕಡೆಗೆ ಹೊಸ ರಸ್ತೆ ಬಂತು. ಎದುರು ದಂಡೆ ಬರೀ ಬಂಡೆ. ಕೂಡಲೇ ಎರಡೂ ಸರ್ಕಾರಗಳಿಗೆ ರಸ್ತೆಯ ದಂಡೆಯೇ ತಮ್ಮದೆಂದು ಹೊಳೆಯಿತು.

ನಮ್ಮ ಸ್ಮಶಾನವಿರುವುದು ಆ ದಂಡೆಯಲ್ಲಿ. ಬರೆಯುವಾಗ ಸರ್ವೆಯರ್ ಸ್ಮಶಾನದ ಕಡೆ ಕೂತಿದ್ದರೆ ಅದು ರಾಜ್ಯದ್ದು, ಎದುರು ಕಡೆ ಕೂತಿದ್ದರೆ ಕೇಂದ್ರದ್ದು. ತಕರಾರು ಕೋರ್ಟಿಗೆ ಹೋಯಿತು. ಗೇಟಿಗೆ ಇಬ್ಬರೂ ಒಂದೊಂದು ಬೀಗ ಜಡಿದರು, ಒಬ್ಬೊಬ್ಬ ಕಾವಲುಗಾರನನ್ನು ಇಟ್ಟರು. ಎರಡು ವರ್ಷದಿಂದ ಅಲ್ಲಿ ಯಾರನ್ನೂ ಮಣ್ಣು ಮಾಡಿಲ್ಲ.

ಅದಕ್ಕೂ ಮೊದಲೇ ಹೋದ ತಮ್ಮನ ಹೆಂಡತಿ ಒಳಗೆ ಮಲಗಿದ್ದಾಳೆ. "ಅವಳ ಎಡಗಡೆ ಜಾಗ ನಂದು" ಎಂದು ಅವನು ಮಗಳಿಗೂ ಹೇಳಿದ್ದ, ನನಗೂ ಹೇಳಿದ್ದ.

ಎಲ್ಲಿ ಕೂತು ಬರೆದೆಯೆಂದು ನಾನೂ ಒಮ್ಮೆ ಕೇಳಿದ್ದೆ. "ಅಣ್ಣಾ, ಆ ದಿನ ಎಷ್ಟು ಸಲ ಹಳ್ಳ ದಾಟಿದ್ನೋ! ಚಪ್ಪಲಿ ಒಂದು ಕಡೆ, ಪುಸ್ತಕ ಇನ್ನೊಂದು ಕಡೆ. ದೇವರಾಣೆ ನೆನಪಿಲ್ಲ" ಎಂದು ತಲೆ ತಗ್ಗಿಸಿದ್ದ. ಕೋರ್ಟಿನಲ್ಲೂ ಅದನ್ನೇ ಹೇಳಿದ.

ಹತ್ತು ಗಂಟೆಗೆ ನಾನು ರಾಜ್ಯದ ಭೂಮಿ ಕಚೇರಿಗೆ ಹೋದೆ. ಅಧಿಕಾರಿ ಎದ್ದು ಬಂದು ಕೈ ಹಿಡಿದುಕೊಂಡ. ಅವನಿಗೆ ಅಳತೆ ಕಲಿಸಿದವನು ನನ್ನ ತಮ್ಮನೇ.

"ಬೀಗ ತೆಗೆಸ್ತೀನಿ ಯಜಮಾನರೇ. ಒಂದು ಸಾಲು ಬರೆದುಕೊಡಿ ಸಾಕು. ಸ್ಮಶಾನದ ಕಡೇನೇ ಕೂತು ಬರೆದೆ ಅಂತ ತಮ್ಮ ನಿಮ್ಮ ಹತ್ರ ಹೇಳಿದ್ರು ಅಂತ."

"ಅವನು ಹಾಗೆ ಹೇಳಲಿಲ್ಲವಲ್ಲಪ್ಪ."

"ಈಗ ಎದ್ದು ಬಂದು ಇಲ್ಲ ಅಂತಾರಾ?" ಎಂದವನು ತನ್ನ ಮಾತಿಗೆ ತಾನೇ ಬೆಚ್ಚಿ, ತುಟಿ ಕಚ್ಚಿಕೊಂಡ.

ಕೇಂದ್ರದ ಕಚೇರಿ ರಸ್ತೆಯ ಎದುರಿಗೇ ಇತ್ತು. ಅಲ್ಲಿಯ ಅಧಿಕಾರಿ ಒಬ್ಬ ಹೆಣ್ಣುಮಗಳು. ಕೂರಿಸಿ ನೀರು ಕೊಟ್ಟಳು. "ಅಜ್ಜಾ, ಮೇಲಿನೋರಿಗೆ ನಾನೂ ಉತ್ತರ ಹೇಳ್ಬೇಕಲ್ವಾ? ಎದುರು ದಂಡೇಲಿ ಕೂತಿದ್ರು ಅಂತ ಬರೀರಿ, ಈಗಲೇ ಬೀಗ ತೆಗೆಸ್ತೀನಿ" ಎಂದಳು.

ಇಬ್ಬರಿಗೂ ಬರೆದುಕೊಟ್ಟಿದ್ದರೆ ಎರಡೂ ಬೀಗ ತೆರೆಯುತ್ತಿದ್ದವು. ಆದರೆ ಅದು ತಮ್ಮನ ಬಾಯಲ್ಲಿ ಎರಡು ನಾಲಿಗೆ ಇಟ್ಟು ಮಣ್ಣು ಮಾಡಿದಂತೆ. ಬರೆಯದಿದ್ದರೆ ಅವನ ಜಾಗ ಅವನಿಗಿಲ್ಲ. ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕೂತೆ. ಕಣ್ಣು ಮುಚ್ಚಿ, "ದೇವರೇ, ಸುಳ್ಳಾಡದ ಹಾಗೆ ದಾರಿ ತೋರಿಸು" ಎಂದು ಬೇಡಿದೆ. ಸ್ವಲ್ಪ ಹೊತ್ತಾದ ಮೇಲೆ ಎರಡು ಹಾಳೆ ತರಿಸಿಕೊಂಡು ಎರಡರಲ್ಲೂ ಒಂದೇ ಮಾತು ಬರೆದೆ:

"ಈ ನೆಲದ ಒಡೆಯರಿಗೆ. ನಿಮ್ಮ ನೆಲದಲ್ಲಿ ನನ್ನ ತಮ್ಮನಿಗೆ, ಅವನ ಹೆಂಡತಿಯ ಪಕ್ಕ, ಆರಡಿ ಜಾಗ ಬೇಡುತ್ತೇನೆ."

ರಾಜ್ಯದ ಅಧಿಕಾರಿ ಓದಿ, "ಒಡೆಯರು ಅಂದ್ರೆ ನಾವೇ ತಾನೇ?" ಎಂದ.

"ಯಾರು ಒಡೆಯರೋ ಅವರಿಗೆ" ಎಂದೆ. ಅವನು ಮೊಹರು ಒತ್ತಿದ.

ಎದುರು ಕಚೇರಿಯವಳು ಎರಡು ಸಲ ಓದಿದಳು. "ಅಜ್ಜಾ, ಅವರಿಗೂ ಇದನ್ನೇ ಕೊಟ್ರಾ?"

"ಇದನ್ನೇ ತಾಯಿ. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಆಗಲೇ ಮೊಹರು ಹಾಕಿದ್ರು."

"ಅಂದ್ಮೇಲೆ ನಾನು ತಗೊಳ್ಳಲ್ಲ ಅಂದ್ರೆ ಒಡೆಯರು ನಾವಲ್ಲ ಅಂತ ಒಪ್ಪಿಕೊಂಡ ಹಾಗೆ." ಹಣೆ ಒತ್ತಿಕೊಂಡಳು. "ನಮ್ಮ ವಕೀಲರಿಗಿಂತ ನೀವೇ ವಾಸಿ." ಸಹಿ ಮಾಡಿ ಬಾಗಿಲವರೆಗೂ ಬಂದು ಕಳಿಸಿಕೊಟ್ಟಳು.

ನಾಲ್ಕು ಗಂಟೆಗೆ ನಾವು ಅವನನ್ನು ಹೊತ್ತು ಗೇಟಿಗೆ ಬಂದೆವು. ಕೇಂದ್ರದ ಬೀಗ ಸಲೀಸಾಗಿ ತೆರೆಯಿತು. ರಾಜ್ಯದ್ದು ತುಕ್ಕು ಹಿಡಿದು ಅಲುಗಲಿಲ್ಲ. ಕೇಂದ್ರದ ಕಾವಲುಗಾರ ತನ್ನ ಸೈಕಲ್ಲಿನ ಚೀಲದಿಂದ ಎಣ್ಣೆ ತಂದು ಅದಕ್ಕೆ ಬಿಟ್ಟ.

"ನೋಡಯ್ಯಾ, ನಿಮ್ಮ ಬೀಗಕ್ಕೆ ನಮ್ಮ ಎಣ್ಣೆ."

"ಆಯ್ತು ಮಾರಾಯ, ಕೋರ್ಟಲ್ಲಿ ಹೇಳ್ಕೋ. ಮೊದಲು ಗೇಟು ತಳ್ಳು, ಹೊತ್ತವರ ಹೆಗಲು ನೋಯುತ್ತೆ."

ಇಬ್ಬರೂ ಗೇಟು ತಳ್ಳಿದರು, ಆಮೇಲೆ ಟೋಪಿ ತೆಗೆದು ನಮ್ಮ ಜೊತೆಗೇ ಬಂದರು. ಎರಡು ವರ್ಷದ ಹುಲ್ಲು ಸೊಂಟದೆತ್ತರ ಬೆಳೆದಿತ್ತು. ಮಗಳು ಅದನ್ನು ಕೈಯಿಂದ ಸರಿಸುತ್ತಾ ತಾಯಿಯ ಕಲ್ಲು ಹುಡುಕಿದಳು. ಎಡಗಡೆ ಅಗೆದರು. ನಾನು ಮೂರು ಹಿಡಿ ಮಣ್ಣು ಹಾಕಿದೆ. ನಾಲ್ಕನೆಯದಕ್ಕೆ ಕೈ ಏಳಲಿಲ್ಲ. ಮಗಳು ನನ್ನ ಮೊಣಕೈ ಹಿಡಿದುಕೊಂಡಳು.

ಗುಂಡಿ ಮುಚ್ಚಿದ ಮೇಲೆ ಗಟ್ಟಿಯಾಗಿಯೇ ಪ್ರಾರ್ಥಿಸಿದೆ: "ಭಗವಂತಾ, ಇವನು ಬದುಕೆಲ್ಲ ಬಿಸಿಲಲ್ಲಿ ನಡೆದವನು. ಇವನ ಕಾಲಿಗೆ ವಿಶ್ರಾಂತಿ ಕೊಡು. ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಮನ್ನಿಸು. ಹೆಂಡತಿಯ ಪಕ್ಕದಲ್ಲಿ ನೆಮ್ಮದಿಯಾಗಿ ಮಲಗಲಿ. ಇವನ ಆತ್ಮಕ್ಕೆ ಶಾಂತಿ ಕೊಡು, ತಂದೆಯೇ."