ಎರಡೂ ಎಡಗಡೆಯವೇ

ಬೈಕಿನ ಎರಡು ಪಕ್ಕಕ್ಕೂ ಕೂರಿಸಬೇಕಾದ ತಗಡಿನ ಪ್ಯಾನೆಲ್‌ಗಳನ್ನು ಬೆಂಚಿನ ಮೇಲೆ ಒಟ್ಟಿಗೆ ಇಟ್ಟು, ತನ್ನ ಕೈಚಳಕಕ್ಕೆ ತಾನೇ ತಲೆದೂಗಿ, ಟೀ ಹೀರುತ್ತ ಇನ್ನೊಮ್ಮೆ ನೋಡಿದ ಮೇಸ್ತ್ರಿ ಲೋಟವನ್ನು ಪಕ್ಕಕ್ಕಿಟ್ಟ. ತಗಡುಗಳ ಮೇಲೆ ತಟ್ಟಿ ಉಬ್ಬಿಸಿದ್ದ ಎರಡು ಮೊಲಗಳೂ ಒಂದೇ ಕಡೆಗೆ ಓಡುತ್ತಿದ್ದವು.

ಹಾಗೆ ಓಡಬಾರದು. ಸೀಟಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಕೂರುವ ತಗಡುಗಳಿವು. ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ಎದುರುಬದುರಾಗಿದ್ದರೆ ಮಾತ್ರ ಎರಡೂ ಮೊಲಗಳು ಮುಂದಿನ ಚಕ್ರದತ್ತ ಓಡುತ್ತವೆ. ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ರಟ್ಟಿನ ಅಚ್ಚನ್ನು ತಗಡಿನ ಮೇಲಿಟ್ಟು ಗೀರು ಎಳೆಯಬೇಕು, ಅಚ್ಚನ್ನು ಮಗುಚಿ ಹಾಕಿ ಮತ್ತೆ ಗೀರು ಎಳೆಯಬೇಕು. ಸರಿಯಾಗಿ ಮಗುಚುವ ಹೊತ್ತಿಗೇ ಎದುರಿನ ಪಂಕ್ಚರ್ ಅಂಗಡಿಯವನು ಬಂದು ಮೂಗು ತೂರಿಸಿ, ಮೊಲಕ್ಕೆ ಮೀಸೆ ಇರುವುದಿಲ್ಲ ಎಂದು ವಾದಕ್ಕಿಳಿದಿದ್ದ. ವಾದದಲ್ಲಿ ಮೇಸ್ತ್ರಿ ಗೆದ್ದ, ಅಚ್ಚು ಮಗುಚುವುದನ್ನು ಮರೆತ.

ಹಿಂದೆಲ್ಲ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದ. ಈಗ ಅಂಗಡಿ ಮಗಳ ಕೈಯಲ್ಲಿದೆ. ವೆಲ್ಡಿಂಗು, ಬಣ್ಣ, ಗಿರಾಕಿಗಳ ಗೋಳು ಎಲ್ಲ ಅವಳದು. ತಗಡು ತಟ್ಟುವುದೊಂದು ಅಪ್ಪನದು. ಅದರಲ್ಲೇ ಈಚೆಗೆ ಎರಡು ಸಲ ಎಡವಟ್ಟಾಗಿತ್ತು. ಒಮ್ಮೆ ಯಾರದೋ ಟ್ಯಾಂಕಿಗೆ ಪೆಟ್ರೋಲ್ ಹಾಕುವ ತೂತನ್ನೇ ಬಿಡದೆ ಮುಚ್ಚಿಬಿಟ್ಟಿದ್ದ. ಇನ್ನೊಮ್ಮೆ ಒಬ್ಬನ ಮಡ್‌ಗಾರ್ಡನ್ನು ಇನ್ನೊಬ್ಬನ ಬೈಕಿಗೆ ಕೂರಿಸಲು ಹೆಣಗಾಡಿ, ಕೂರದಿದ್ದಾಗ ಬೈಕನ್ನು ಬಾಯಿಗೆ ಬಂದಂತೆ ಬೈದಿದ್ದ. ಮಗಳು ರೇಗಲಿಲ್ಲ. ರೇಗಿದ್ದರೆ ತಡೆದುಕೊಳ್ಳುತ್ತಿದ್ದ. ಮೆಲ್ಲಗೆ, "ಅಪ್ಪ, ಇನ್ನೊಂದು ಸಲ ಹೀಗಾದ್ರೆ ಸುತ್ತಿಗೆ ಕೆಳಗಿಟ್ಬಿಡು. ಕೌಂಟರ್‌ನಲ್ಲಿ ಕೂತ್ಕೊಂಡು ಬಂದವರನ್ನ ಮಾತಾಡಿಸ್ತಿರು, ಸಾಕು" ಎಂದಿದ್ದಳು. ಕೌಂಟರೆಂದರೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಯಾನು, ಕೈತುಂಬ ನೊಣ. ನೆನೆದರೇ ಮೇಸ್ತ್ರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಮಗಳು ಬಣ್ಣ ತರಲು ಹೋಗಿದ್ದಳು. ಅಷ್ಟು ದಪ್ಪದ ಅಲ್ಯೂಮಿನಿಯಂ ತಗಡು ಅಂಗಡಿಯಲ್ಲಿ ಇನ್ನೊಂದು ಚೂರೂ ಇರಲಿಲ್ಲ. ತರಿಸೋಣವೆಂದರೆ ತಗಡಿನ ವ್ಯಾಪಾರಿ, ಆರ್ಡರು ಬಂತು ಎಂದು ಮೊದಲು ಮಗಳಿಗೇ ಫೋನು ಮಾಡುವ ಆಸಾಮಿ. ಮೇಸ್ತ್ರಿ ಬಾಗಿಲು ಹಾಕಿ ಬಂದು, ಒಂದು ತಗಡನ್ನು ಎತ್ತಿ ಮಗುಚಿ ಹಿಡಿದ. ಹಿಂಬದಿಯಿಂದ ಮೊಲ ಸರಿಯಾದ ದಿಕ್ಕಿಗೇ ಓಡುತ್ತಿತ್ತು. ಆಕಾರವೂ ಬಲಗಡೆಗೆ ಹೇಳಿ ಮಾಡಿಸಿದಂತಿತ್ತು. ಆದರೆ ಉಬ್ಬಿದ್ದ ಮೊಲ ಈಗ ಗುಳಿಯಾಗಿತ್ತು, ತಗಡಿನ ಹೊಟ್ಟೆಯೂ ಒಳಕ್ಕೆ ಹೋಗಿತ್ತು. ಹೊಟ್ಟೆಯನ್ನು ತಟ್ಟಿ ಹೊರಕ್ಕೆ ತರಬಹುದು. ಮೊಲವನ್ನು ತರಲು ಹೋದರೆ ತಗಡೇ ಹರಿದುಹೋಗುತ್ತದೆ.

"ನೀನು ಒಳಗೇ ಇರಪ್ಪ" ಎಂದು ಮೊಲಕ್ಕೆ ಹೇಳಿ ಮೇಸ್ತ್ರಿ ಕೆಲಸಕ್ಕೆ ಕೂತ. ತಗಡಿಗೆ ಸೋಪು ಸವರಿ, ಅದು ಕಂದುಬಣ್ಣಕ್ಕೆ ತಿರುಗುವವರೆಗೆ ಬೆಂಕಿ ಹಿಡಿದ. ಸೋಪು ಕಂದಿತೆಂದರೆ ತಗಡು ಮೆದುವಾಯಿತೆಂದು ಅರ್ಥ. ಆರಿದ ಮೇಲೆ ಮರಳಿನ ಚೀಲದ ಮೇಲಿಟ್ಟು, ಮರದ ಸುತ್ತಿಗೆಯಲ್ಲಿ ಮೊಲದ ಸುತ್ತ ಮೆಲ್ಲಮೆಲ್ಲಗೆ ತಟ್ಟತೊಡಗಿದ. ಜೋರಾಗಿ ಹೊಡೆದರೆ ಕಿವಿ ಸೊಟ್ಟಗಾಗುತ್ತದೆ, ಮೆತ್ತಗೆ ಹೊಡೆದರೆ ಹೊಟ್ಟೆ ಏಳುವುದಿಲ್ಲ. ಮೊದಮೊದಲು ಬಾಗಿಲ ಕಡೆಗೇ ಕಣ್ಣಿತ್ತು. ಆಮೇಲೆ ಕೆಲಸದ ರುಚಿ ಹತ್ತಿ ಬಾಗಿಲೂ ಮರೆತುಹೋಯಿತು, ಮಗಳೂ ಮರೆತುಹೋದಳು.

"ಅಪ್ಪ, ಬಾಗಿಲು ಯಾಕೆ ಹಾಕಿದೀಯ?"

"ಧೂಳು."

"ನಿಂಗೆ ಯಾವಾಗಿಂದ ಧೂಳು ಆಗ್ದೆ ಹೋಯ್ತು?"

ಮಗಳ ಹಿಂದೆಯೇ ಬೈಕಿನ ಗಿರಾಕಿಯೂ ಒಳಗೆ ಬಂದ. ಅವನು ಗಾಡಿ ಓಡಿಸುವ ಚೆಂದಕ್ಕೆ ಗೆಳೆಯರೆಲ್ಲ ಬಸವನಹುಳು ಎಂದು ಹೆಸರಿಟ್ಟಿದ್ದರು. ಆ ಉರಿಗೇ ಅವನು ಮೊಲ ಬೇಕೆಂದು ಹಟ ಹಿಡಿದದ್ದು. "ನಾಲ್ಕೂ ಕಾಲು ಬಿಡಿಸಿದೀಯ ತಾನೇ?" ಎನ್ನುತ್ತ ಮಗಳು ತಗಡುಗಳನ್ನು ಬೆಳಕಿಗೆ ಎತ್ತಿ ಹಿಡಿದಳು. ಎಡದ ಮೊಲದ ಮೇಲೆ ಅಂಗೈ ಆಡಿಸಿದಳು. ಬಲದ ಗುಳಿಯೊಳಗೆ ಬೆರಳು ಇಳಿಸಿದಳು.

"ಇದೇನಪ್ಪ, ಇದು ಒಳಗೆ ಹೋಗಿದೆ?"

"ಡಿಸೈನು ಕಣಮ್ಮ" ಎಂದುಬಿಟ್ಟ ಮೇಸ್ತ್ರಿ. ನಾಲಿಗೆ ಒಮ್ಮೆ ಹೊರಳಿದ ಮೇಲೆ ತಾನಾಗಿಯೇ ಮುಂದುವರಿಯಿತು. "ಎಡಗಡೆ ಮೊಲ ಓಡ್ತಾ ಇದೆ. ಬಲಗಡೆ ಬಂದು ನೋಡೋಷ್ಟರಲ್ಲಿ ಓಡಿಹೋಗಿದೆ, ಅದು ಇದ್ದ ಜಾಗ ಮಾತ್ರ ಉಳಿದಿದೆ. ಅಷ್ಟು ಸ್ಪೀಡು."

ಬಸವನಹುಳುವಿನ ಮುಖ ಅರಳಿತು. "ಅಂದ್ರೆ ನನ್ನ ಗಾಡಿ ಅಷ್ಟು ಸ್ಪೀಡು ಅಂತ."

"ಗಾಡಿ ಅಲ್ಲ, ಮೊಲ" ಎಂದಳು ಮಗಳು.

ಅವನ ಕಿವಿಗೆ ಅದು ಬೀಳಲೇ ಇಲ್ಲ. ಫೋಟೋ ತೆಗೆದು ಅಲ್ಲಿಂದಲೇ ಗೆಳೆಯರಿಗೆಲ್ಲ ಕಳಿಸಿದ. ಅವರಲ್ಲೊಬ್ಬ ತನ್ನ ಬೈಕಿಗೂ ಹೀಗೇ ಒಂದು ಮೀನು ಬೇಕೆಂದು ತಕ್ಷಣ ಫೋನು ಮಾಡಿದ. ಮೇಸ್ತ್ರಿ ಬೀಗುತ್ತ ತೋಳು ಮಡಚಿಕೊಂಡು ನಿಂತ.

ಗಿರಾಕಿ ಹೋದ ಮೇಲೆ ಮಗಳು ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತಳು. "ಅಪ್ಪ, ಈ ಕೆಲಸ ನಂಗೂ ಹೇಳ್ಕೊಡು. ಮೀನು ನಾನೇ ಮಾಡ್ತೀನಿ. ಮೊದಲು ಏನು ಮಾಡ್ಬೇಕು?"

ತಟ್ಟುವುದನ್ನು ಕಲಿಸು ಎಂದು ಅವಳು ಒಂದು ದಿನವೂ ಕೇಳಿದವಳಲ್ಲ. ಕೇಳಲಿ ಎಂದು ಮೇಸ್ತ್ರಿ ಎಷ್ಟೋ ವರ್ಷಗಳಿಂದ ಕಾದಿದ್ದ. ಆ ಖುಷಿಯಲ್ಲಿ ಹಿಂದೆಮುಂದೆ ನೋಡದೆ ಪಾಠ ಶುರುಮಾಡಿದ.

"ಮೊದಲು ಎರಡೂ ಎಡಗಡೇವೇ ಮಾಡ್ಕೋಬೇಕು. ಆಮೇಲೆ ಒಂದನ್ನ ಮಗುಚಿ, ಕಾಯಿಸಿ..."

"ಯಾಕೆ? ಬಲಗಡೇದನ್ನ ಬಲಗಡೇಗೇ ಗೀಚ್ಕೊಂಡು ಮುಂದುಗಡೆಯಿಂದ ತಟ್ಟಿದ್ರೆ ಗುಳಿ ಬೀಳಲ್ವಾ? ಇಷ್ಟು ಸುತ್ತಿ ಬಳಸಿ ಯಾಕೆ?"

ಬೀಳುತ್ತದೆ. ಸಲೀಸಾಗಿ ಬೀಳುತ್ತದೆ. ಅದು ಮೇಸ್ತ್ರಿಗೆ ಹೊಳೆದೇ ಇರಲಿಲ್ಲ. ಈ ಸಲ ಡಿಸೈನೂ ನೆರವಿಗೆ ಬರಲಿಲ್ಲ.

"ಅಚ್ಚು ಮಗುಚೋದು ಮರೆತೆ ಕಣಮ್ಮ" ಎಂದು ಸುತ್ತಿಗೆಯನ್ನು ಬೆಂಚಿನ ಮೇಲಿಟ್ಟು ಏಪ್ರನ್ನಿನ ಗಂಟಿಗೆ ಕೈಹಾಕಿದ. ಗಂಟು ಬಿಚ್ಚಿಕೊಳ್ಳಲಿಲ್ಲ.

ಮಗಳು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತರೂ ನೀರು ನಿಲ್ಲಲಿಲ್ಲ.

"ನಾನು ಹೆದರಿದ್ದು ತಗಡಿಗೆ ಅಂದ್ಕೊಂಡ್ಯಾ? ಇವತ್ತು ಟ್ಯಾಂಕಿನ ತೂತು ಮರೆತಿದೀಯ, ನಾಳೆ ನನ್ನನ್ನೇ ನೋಡಿ ಯಾರಮ್ಮ ನೀನು ಅಂತೀಯೇನೋ ಅಂತ ನಂಗೆ ನಿದ್ದೆ ಇರ್ಲಿಲ್ಲ" ಎಂದು ಕಣ್ಣೊರೆಸಿಕೊಂಡಳು. "ನಿಂತ ನಿಂತಲ್ಲೇ ಇಷ್ಟು ದೊಡ್ಡ ಬುರುಡೆ ಬಿಡೋ ತಲೆಗೆ ಏನೂ ಆಗಿಲ್ಲ ಬಿಡಪ್ಪ."

ಬುರುಡೆ ಬಿಟ್ಟದ್ದಕ್ಕೆ ಹೊಗಳಿಕೆ ಸಿಗುವುದೆಂದು ಮೇಸ್ತ್ರಿ ಕನಸಲ್ಲೂ ಎಣಿಸಿರಲಿಲ್ಲ.

"ಹಾಗಾದ್ರೆ ಕೌಂಟರು?" ಎಂದು ಕೇಳಿದ.

"ಅಲ್ಲಿ ಕೂರಿಸಿದ್ರೆ ಬಂದವರ ಹತ್ರ ಇನ್ನೇನೇನು ಕಥೆ ಕಟ್ತೀಯೋ" ಎಂದು ಮಗಳು ಸುತ್ತಿಗೆಯನ್ನು ಎತ್ತಿ ಅವನ ಕೈಗಿಟ್ಟಳು. "ಇಲ್ಲೇ ಇರು. ನನ್ನ ಕಣ್ಣೆದುರಿಗೇ ಇರು."