ಅತ್ತೆಯ ಉಳಿದರ್ಧ

ಮೂರನೆಯ ಸಲವೂ ಅತ್ತೆ ಅರ್ಧವೇ ಬಂದರು. ಆಸ್ಪತ್ರೆಯ ಗುಂಪು ಫೋಟೋದ ಮೂವತ್ತೆರಡು ಮಂದಿ ಹಲ್ಲು ಕಿರಿದುಕೊಂಡು ಯಂತ್ರದ ಬಾಯಿಂದ ಇಂಚಿಂಚಾಗಿ ಇಳಿದರು. ಎರಡೂ ಕಡೆ ಎರಡೆರಡು ಬೆರಳು ಬಿಳಿ ಅಂಚು ಉಳಿಯಬೇಕಿತ್ತು. ಎಡಗಡೆ ಆರು ಬೆರಳು ಉಳಿದಿತ್ತು. ಬಲಗಡೆ ತುದಿಯಲ್ಲಿ ನಿಂತ ಅಡುಗೆಯಾಕೆ ಮೂಗಿನವರೆಗೆ ಬಂದು, ಅಲ್ಲಿಗೆ ಕಾಗದ ಮುಗಿದುಹೋಗಿತ್ತು.

ಆ ಅಡುಗೆಯಾಕೆಯೇ ಟೇಪಕ್ಕನ ಅತ್ತೆ. ಕೊರಳಿಗೆ ಸದಾ ಅಳತೆಪಟ್ಟಿ ಜೋತುಹಾಕಿಕೊಂಡಿರುವುದರಿಂದ ಈ ಪ್ರಿಂಟಿಂಗ್ ಅಂಗಡಿಯಲ್ಲಿ ಅವಳಿಗೆ ಆ ಹೆಸರು. ಹನ್ನೊಂದು ವರ್ಷ ದರ್ಜಿಯಾಗಿದ್ದವಳು, ಇಲ್ಲಿ ಬ್ಯಾನರುಗಳ ಅಂಚು ಹೊಲಿಯುತ್ತಿದ್ದವಳು, ಈ ದೊಡ್ಡ ಪ್ರಿಂಟರಿನ ಮುಂದೆ ನಿಂತು ಇನ್ನೂ ಒಂದು ತಿಂಗಳಾಗಿಲ್ಲ.

ಸಂಜೆ ನಾಲ್ಕಕ್ಕೆ ಆಸ್ಪತ್ರೆಯ ಹೊಸ ಹಜಾರದಲ್ಲಿ ಫೋಟೋ ತೂಗುಹಾಕಬೇಕು. ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. "ನನ್ನ ಮಗನ ಮದುವೆ ಫೋಟೋದಲ್ಲೂ ನಂದು ಮೊಣಕೈ ಮಾತ್ರ ಇದೆ ಕಣೆ. ಈ ಸಲವಾದ್ರೂ ನೀನಿದ್ದೀಯ," ಎಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ ನಕ್ಕಿದ್ದರು.

ಅಂಗಡಿಯ ಯಜಮಾನರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಹೋಗ್ಲಿ ಬಿಡಮ್ಮ, ತುದೀಲಿರೋ ಒಬ್ಬರನ್ನ ಪೂರ್ತಿ ಕತ್ತರಿಸಿಬಿಡು. ಮೂವತ್ತೊಂದು ಜನ ಇದ್ದಾರಲ್ಲ, ಯಾರು ಎಣಿಸ್ತಾರೆ?"

"ಅವರು ನಮ್ಮತ್ತೆ."

ಯಜಮಾನರು ಕೆಮ್ಮಿದರು. "ಮೆಕ್ಯಾನಿಕ್‌ಗೆ ಇನ್ನೊಂದು ಸಲ ಫೋನ್ ಮಾಡು," ಎಂದು ಮುಂದಿನ ಕೋಣೆಗೆ ನಡೆದರು.

ಮೆಕ್ಯಾನಿಕ್ ಮಹಾಶಯನ ಬತ್ತಳಿಕೆಯಲ್ಲಿ ಇದ್ದದ್ದು ಒಂದೇ ಬಾಣ. "ಆಫ್ ಮಾಡಿ ಆನ್ ಮಾಡಿದ್ರಾ?"

"ಎರಡು ಸಲ ಮಾಡಿದೆ. ಕಾಗದದ ಅಳತೆ ಸರಿ ಇದೆ, ಚಿತ್ರದ ಅಳತೆ ಸರಿ ಇದೆ, ಹಿಂದಿನಿಂದ ಸುರುಳಿ ತೆಗೆದು ಮತ್ತೆ ಹಾಕಿದೆ."

"ಹಾಗಾದ್ರೆ ನಾಳೆ ಬಂದು ನೋಡ್ತೀನಿ ಬಿಡಿ."

ನಾಳೆ ಯಾರಿಗೆ ಬೇಕಾಗಿತ್ತು! ಟೇಪಕ್ಕ ಕೆಟ್ಟ ಹಾಳೆಯನ್ನು ಮೇಜಿನ ಮೇಲೆ ಹಾಸಿ ಅಳೆದಳು. ಚಿತ್ರ ಕುಗ್ಗಿರಲಿಲ್ಲ, ಹಿಗ್ಗಿರಲಿಲ್ಲ. ಇದ್ದ ಹಾಗೆಯೇ ನಾಲ್ಕು ಬೆರಳು ಬಲಕ್ಕೆ ಸರಿದಿತ್ತು. ದರ್ಜಿಗೆ ಒಂದು ವಿಷಯ ಗೊತ್ತು: ಕತ್ತರಿಸಿದ ಬಟ್ಟೆ ಮಾಯವಾಗುವುದಿಲ್ಲ, ಎಲ್ಲೋ ಬಿದ್ದಿರುತ್ತದೆ. ಹಾಗಾದರೆ ಅತ್ತೆಯ ಉಳಿದರ್ಧ ಎಲ್ಲಿ ಬಿದ್ದಿದೆ?

ಅವಳು ಯಂತ್ರ ನಿಲ್ಲಿಸಿ ಮುಂದಿನ ಮುಚ್ಚಳ ಎತ್ತಿದಳು. ಬೆಳಿಗ್ಗೆಯಿಂದ ಅದನ್ನು ಯಾರೂ ತೆರೆದಿರಲಿಲ್ಲ. ಕಾಗದದ ಬಲ ಅಂಚಿಗೆ ಒತ್ತಿಕೊಂಡು, ಕಬ್ಬಿಣದ ಕಪ್ಪು ಹಾಸಿನ ಮೇಲೆ ಒಂದು ಬಿಳಿ ಬಟ್ಟೆಯ ಪಟ್ಟಿ ಅಂಟಿತ್ತು. ಅದರ ಮೇಲೆ ಕೂದಲಿನ ಕಪ್ಪು, ಕೆನ್ನೆಯ ಕಂದು, ಏಪ್ರನ್ನಿನ ನೀಲಿ ಎಲ್ಲ ಒಂದರ ಮೇಲೊಂದು ಬಿದ್ದು ಕೆಸರಾಗಿತ್ತು. ಮೂರು ಸಲದ ಅತ್ತೆ ಅಲ್ಲಿದ್ದರು.

ಟೇಪಕ್ಕ ನಾಲಿಗೆ ಕಚ್ಚಿಕೊಂಡಳು. ಆ ಪಟ್ಟಿ ಅವಳದೇ. ಬೆಳಿಗ್ಗೆ ಹೊಸ ಸುರುಳಿ ಹಾಕುವಾಗ, ಅಂಚು ಸೊಟ್ಟಗಾಗದಿರಲೆಂದು, ಬಟ್ಟೆಗೆ ಗುರುತು ಮಾಡುವ ಅಭ್ಯಾಸದಲ್ಲಿ ತಾನೇ ಅಂಟಿಸಿದ್ದಳು. ಬ್ಯಾನರಿನ ಅಂಚಿಗೆ ಹೊಲಿಯುವ ಪಟ್ಟಿ, ಸರಿಯಾಗಿ ನಾಲ್ಕು ಬೆರಳು ಅಗಲ. ಯಂತ್ರದ ಕಣ್ಣಿಗೆ ಬೆಳ್ಳಗಿದ್ದದ್ದೆಲ್ಲ ಕಾಗದ. ಅದು ಪಟ್ಟಿಯ ತುದಿಯಿಂದಲೇ ಲೆಕ್ಕ ಹಿಡಿದು ಅತ್ತೆಯನ್ನು ಆಚೆ ನಿಲ್ಲಿಸಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ನಾಚಿಕೆಯೂ ಆಯಿತು, ಆದರೆ ಅದಕ್ಕಿಂತ ಹೆಚ್ಚಾಗಿ ಕುಣಿಯುವಷ್ಟು ಖುಷಿಯಾಯಿತು.

ಪರ್ರನೆ ಪಟ್ಟಿ ಕಿತ್ತಳು, ಹಾಸನ್ನು ಒರೆಸಿದಳು, ಮುಚ್ಚಳ ಹಾಕಿ ಗುಂಡಿ ಒತ್ತಿದಳು. ವೈದ್ಯರು ಬಂದರು, ದಾದಿಯರು ಬಂದರು. ಬಲ ಅಂಚಿನಲ್ಲಿ ಮೊದಲು ಹೆರಳು, ಆಮೇಲೆ ಎರಡು ಕಣ್ಣು, ಇಡೀ ಮೂಗು, ಸೌಟು ಹಿಡಿದ ಕೈ.

"ಬಂದ್ರು! ನಮ್ಮತ್ತೆ ಬಂದ್ರು!" ಎಂದು ಅವಳು ಕೂಗಿದ್ದಕ್ಕೆ ಯಜಮಾನರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಾಗಿಲ ಕಡೆಗೆ ಓಡಿದರು.

"ಅಲ್ಲಲ್ಲ, ಇಲ್ಲಿ!"

ಯಜಮಾನರು ತಿರುಗಿ ಬಂದು ಹಾಳೆಯನ್ನೂ ಅವಳ ಕೈಯಲ್ಲಿದ್ದ ಪಟ್ಟಿಯನ್ನೂ ನೋಡಿದರು. "ಪಟ್ಟಿ ಯಾರು ಅಂಟಿಸಿದ್ದು?"

"ನಾನೇ. ಕಂಡುಹಿಡಿದದ್ದೂ ನಾನೇ."

ಅವರು ಪಟ್ಟಿಯನ್ನು ತೆಗೆದುಕೊಂಡು ಕಸದ ಬುಟ್ಟಿಗೆ ಹಾಕಿದರು. "ನಾಳೆ ಬರೋದು ಬೇಡ ಅಂತ ಮೆಕ್ಯಾನಿಕ್‌ಗೆ ಹೇಳಿಬಿಡು," ಎಂದರು.

ನಾಲ್ಕಕ್ಕೆ ಹಜಾರದಲ್ಲಿ ಪರದೆ ಸರಿಯಿತು. ಎಲ್ಲರೂ ನಡುವೆ ಕೂತ ಹಿರಿಯ ವೈದ್ಯರನ್ನು ನೋಡುತ್ತಿದ್ದರೆ, ಅತ್ತೆ ಅಭ್ಯಾಸದಂತೆ ನೇರವಾಗಿ ತುದಿಗೆ ಹೋದರು. ಕನ್ನಡಕ ಏರಿಸಿ ತಮ್ಮ ಮುಖ ನೋಡಿದರು, ಮೊಣಕೈ ನೋಡಿದರು, ಚಪ್ಪಲಿಯನ್ನೂ ನೋಡಿದರು.

"ಪೂರ್ತಿ ಇದ್ದೀನಲ್ಲೇ," ಎಂದರು ಪಕ್ಕದಲ್ಲಿದ್ದ ಟೇಪಕ್ಕನಿಗೆ ಮೆಲ್ಲಗೆ. ಆಮೇಲೆ ಇನ್ನಷ್ಟು ಬಗ್ಗಿ, "ನೋಡೇ, ನನ್ನಾಚೆಗೂ ಇನ್ನೂ ಜಾಗ ಉಳಿದಿದೆ!"

ಅವರು ಆ ಬಿಳಿ ಅಂಚಿನ ಮೇಲೆ ಎರಡು ಬೆರಳು ಒತ್ತಿಟ್ಟು ಅಳೆದು ನೋಡಿದರು, ಎರಡೂ ಸರಿಯಾಗಿ ಹಿಡಿಸಿದವು.